ಗುಡಿಸದ ಹಜಾರ

ನಮ್ಮ ಜಮೀನಿನ ಒಡತಿ ಡೋನ್ಯಾ ಎಂಗ್ರಾಸಿಯ ಸತ್ತ ಸುದ್ದಿ ಬಂದಾಗ ನಾನು ತಂಬಾಕಿನ ಎಲೆಗಳನ್ನು ಕೋಲಿಗೆ ಕಟ್ಟುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಕಿತ್ತ ಎಲೆ ಯಾರ ಸಾವಿಗೂ ಕಾಯುವುದಿಲ್ಲ. ಸಂಜೆಯೊಳಗೆ ಬೆಂಕಿಯ ಶಾಖದಲ್ಲಿ ಹದ ಮಾಡುವ ಬ್ಯಾರನ್ನಿಗೆ ಏರಿಸದಿದ್ದರೆ ಕಪ್ಪಾಗುತ್ತದೆ. ಕಪ್ಪಾದದ್ದು ನಮ್ಮ ಪಾಲಿಗೆ, ಬಂಗಾರದ ಬಣ್ಣದ್ದು ಅವರ ಪಾಲಿಗೆ.

ಸುದ್ದಿ ತಂದವನು ಮೇಸ್ತ್ರಿ ಬಾಲ್ಬಿನೊ. ಹ್ಯಾಟು ತೆಗೆದು ಎದೆಗೆ ಒತ್ತಿಕೊಂಡಿದ್ದ. ನಮ್ಮ ಮನೆಗಳಲ್ಲಿ ಸಾವಾದಾಗ ಆ ಹ್ಯಾಟು ಅವನ ತಲೆಯ ಮೇಲೇ ಇರುತ್ತದೆ.

"ದೊಡ್ಡಮನೇಲಿ ಕರೀತಿದಾರೆ ಸಿಸಾಂಗ್. ನಾಳೆ ಮಧ್ಯಾಹ್ನ. ನೀನು ಬಂದು ಅಳಬೇಕಂತೆ."

"ಯಾರು ಹೇಳಿದ್ದು?"

"ಸೆನ್ಯೊರಿತಾ ಕಾರಿದಾದ್. ಮನೀಲಾದಿಂದ ಬಂದಿದಾರೆ. ಜೊತೆಗೆ ನಾಲ್ಕು ಜನ ಓದಿದೋರು."

ನನ್ನ ಪಕ್ಕದಲ್ಲಿ ಎಲೆ ಕಟ್ಟುತ್ತಿದ್ದ ಪುರಿಂಗ್ ಬಾಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿದಳು. ಅವಳು ನನ್ನ ನಾದಿನಿ. ನನ್ನ ಗಂಡ ಜಮೀನು ಹುಡುಕಿಕೊಂಡು ಮಿಂದನಾವೊಗೆ ಹೋಗಿ ಮರಳಿ ಬಾರದೆ ಹೋದಮೇಲೆ ನನಗೆ ಉಳಿದ ಸಂಬಂಧ ಅದೊಂದೇ.

"ಅಷ್ಟು ಜನ ಬಂದಿದಾರಲ್ಲ, ಅವರೇ ಅಳಬಹುದಲ್ಲ," ಎಂದಳು. "ಕಣ್ಣೀರನ್ನೂ ನಾವೇ ಬೆಳೆದು ಕೊಡಬೇಕಾ? ಅದರಲ್ಲೂ ಅರ್ಧ ಪಾಲಾ ಅವರಿಗೆ?"

"ನಾಲಿಗೆ ಬಿಗಿ ಹಿಡಿ ಪುರಿಂಗ್. ಸತ್ತೋರಿಗೆ ಕೇಳಿಸುತ್ತೆ."

"ಬದುಕಿದ್ದಾಗ ಕೇಳಿಸ್ತಿರಲಿಲ್ಲ. ಈಗಲಾದ್ರೂ ಕೇಳಿಸ್ಲಿ."

ಬಾಲ್ಬಿನೊ ಶಿಲುಬೆಯ ಗುರುತು ಹಾಕಿಕೊಂಡು ಹೋದ. ನಾನು ಇನ್ನೊಂದು ಕೋಲು ಎತ್ತಿಕೊಂಡೆ. ತಂಬಾಕಿನ ಅಂಟು ಬೆರಳ ಸಂದಿಯಲ್ಲಿ ಕರಿ ಮೇಣದ ಹಾಗೆ ಕಟ್ಟಿರುತ್ತದೆ. ಸೋಪಿಗೆ ಹೋಗುವುದಿಲ್ಲ. ಅನ್ನ ಕಲಸಿದರೆ ಅನ್ನ ಕಹಿ. ಕೂಸಿನ ಬಾಯಿಗೆ ಬೆರಳಿಟ್ಟರೆ ಕೂಸು ವಾಂತಿ ಮಾಡುತ್ತದೆ. ನನ್ನ ಸೆಲ್ಮಾ ಹಾಗೆ ವಾಂತಿ ಮಾಡಿಕೊಂಡೇ ಬೆಳೆದಳು. ಆ ಕಹಿಯಿಂದ ದೂರ ಇರಲಿ ಎಂದೇ ಅವಳನ್ನು ದೊಡ್ಡಮನೆಗೆ ಕೆಲಸಕ್ಕೆ ಬಿಟ್ಟಿದ್ದು. ಮನೆಗೆಲಸ ಮಾಡಿಕೊಂಡಿದ್ದರೆ ಓದಿಸುತ್ತೇವೆ ಎಂದಿದ್ದರು.

ಅವಳನ್ನು ಹಜಾರದ ನೆಲಕ್ಕೆ ಹಾಕಿದರು.

ಒಣಗಿದ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅರ್ಧಕ್ಕೆ ಕಡಿಯುತ್ತಾರೆ. ನಾರಿರುವ ಭಾಗ ನೆಲಕ್ಕೆ. ಅದರ ಬೆನ್ನ ಮೇಲೆ ಒಂದು ಪಾದ ಇಟ್ಟು, ಸೊಂಟದಿಂದ ಬಲ ಹಾಕಿ, ಹಲಗೆಯ ಮೇಲೆ ಹಿಂದೆ ಮುಂದೆ ಉಜ್ಜಬೇಕು. ಮೊದಲು ಮೇಣ ಬಳಿದು ಉಜ್ಜಬೇಕು, ಆಮೇಲೆ ಮೇಣ ಇಲ್ಲದೆ ಉಜ್ಜಬೇಕು. ಪಾದ ಬದಲಾಯಿಸಿ ಮತ್ತೆ ಅದೇ. ಆ ಹಜಾರದ ನೆಲದಲ್ಲಿ ಬಿಷಪ್ಪರು ತಮ್ಮ ಮುಖ ನೋಡಿಕೊಂಡರು ಎಂದು ಡೋನ್ಯಾ ಹೇಳಿಕೊಳ್ಳುತ್ತಿದ್ದರು. ಸೆಲ್ಮಾಳ ಬಲಗಾಲು ಎಡಗಾಲಿಗಿಂತ ದಪ್ಪವಾಗಿತ್ತು. ಹಬ್ಬಕ್ಕೆ ಮನೆಗೆ ಬಂದಾಗ ಮಲಗಿದಲ್ಲೇ ನಿದ್ದೆಯಲ್ಲಿ ಕಾಲು ಆಡಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಡೋನ್ಯಾರ ಮಗಳು ಸೆನ್ಯೊರಿತಾ ಕಾರಿದಾದಳ ಮದುವೆ ಗೊತ್ತಾಯಿತು. ಹಜಾರ ಹೊಳೆಯಬೇಕಿತ್ತು. ಸೆಲ್ಮಾಗೆ ಜ್ವರ ಬಂದಿತ್ತು. ಉಜ್ಜಿದರೆ ಬೆವರಿ ಇಳಿಯುತ್ತದೆ ಎಂದರಂತೆ. ಮದುವೆಯ ಹಿಂದಿನ ದಿನ ಪಿಯಾನೋ ಪಕ್ಕ ಬಿದ್ದಳು. ಎತ್ತಿ ಮಲಗಿಸುವಷ್ಟರಲ್ಲಿ ಉಸಿರು ಹೋಗಿತ್ತು. ಇದನ್ನೆಲ್ಲ ನನಗೆ ಹೇಳಿದ್ದು ಆ ಮನೆಯ ಅಡುಗೆಯವಳು.

ಮದುವೆಯೂ ಸಾವೂ ಒಂದೇ ಬಾಗಿಲಲ್ಲಿ ಎದುರಾಗಬಾರದು ಎಂದು ಡೋನ್ಯಾ ಹೇಳಿದರು. ನನ್ನ ಮಗಳನ್ನು ಹಿಂಬಾಗಿಲಿನಿಂದ ಇಳಿಸಿ, ತಂಬಾಕಿನ ಲಾರಿಯಲ್ಲಿ ಗೋಣಿಚೀಲ ಹೊದಿಸಿ, ನೇರ ಸ್ಮಶಾನಕ್ಕೆ ಒಯ್ದರು. ಮನೆಗೆ ತರಲಿಲ್ಲ. ಹೆಣ ಕಾಯುವ ಹಾಗಿಲ್ಲ, ಊಟ ಇಡುವ ಹಾಗಿಲ್ಲ, ಅಳುವ ಹಾಗಿಲ್ಲ. "ನಿಮ್ಮ ಕೇರಿಯ ದನಿ ಹಜಾರಕ್ಕೆ ಕೇಳಿಸುತ್ತೆ," ಎಂದು ಬಾಲ್ಬಿನೊ ಮಣ್ಣು ಮುಚ್ಚುವವರೆಗೂ ನನ್ನ ಪಕ್ಕದಲ್ಲೇ ನಿಂತಿದ್ದ. ನಾನು ಶಾಲು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಆ ಸಂಜೆ ಬ್ಯಾಂಡಿನ ಸದ್ದು ಮಾತ್ರ ನಮ್ಮ ಕೇರಿಯವರೆಗೂ ಬಂತು.

ಇಲೊಕೋಸಿನಲ್ಲಿ ನಾವು ಸತ್ತವರ ಪಕ್ಕ ಕೂತು ಹಾಡಿ ಅಳುತ್ತೇವೆ. ದುಂಗ್‌ಅವ್ ಎನ್ನುತ್ತೇವೆ. ಮೊದಲು ಅವರು ನಮಗೆ ಏನಾಗಬೇಕೋ ಹಾಗೆ ಕರೆಯಬೇಕು. ಅಮ್ಮ, ಅಕ್ಕ, ಮಗಳೇ. ಆಮೇಲೆ ಅವರ ಬದುಕನ್ನು ಅವರಿಗೇ ಹೇಳಬೇಕು. ಕೊನೆಗೆ, ನೀನು ಸತ್ತಿದ್ದೀಯ ಎಂದು ಹೇಳಬೇಕು. ಯಾಕೆಂದರೆ ಸತ್ತವರಿಗೆ ಅದು ಗೊತ್ತಿರುವುದಿಲ್ಲ. ಉಸಿರು ಹೋದ ಜಾಗದಲ್ಲಿ ಕೂತು ತಮ್ಮವರು ಯಾರಾದರೂ ಹೇಳುವ ತನಕ ಅವರು ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತಿರುತ್ತಾರೆ.

ನಲವತ್ತು ದಿನ ಕಳೆದ ಮೇಲೆ ಅಡುಗೆಯವಳು ನಮ್ಮ ಮನೆಗೆ ಬಂದಳು. ಕೂರಲಿಲ್ಲ.

"ಮನಂಗ್, ಅಕ್ಕಾ, ಬೆಳಗ್ಗೆ ನಾನು ಒಲೆ ಹಚ್ಚೋ ಹೊತ್ತಿಗೆ ಹಜಾರದಲ್ಲಿ ಸಿಪ್ಪೆ ಉಜ್ಜೋ ಸದ್ದು ಬರುತ್ತೆ. ಹೋಗಿ ನೋಡಿದ್ರೆ ಯಾರೂ ಇರಲ್ಲ. ಹೊಸ ಹುಡುಗಿ ಇನ್ನೂ ಮಲಗಿರ್ತಾಳೆ."

ನಾನು ಆ ದಿನವೇ ದೊಡ್ಡಮನೆಯ ಹಿತ್ತಲಲ್ಲಿ ನಿಂತು ಕೇಳಿಕೊಂಡೆ. ಅಪೊ, ದಣಿ, ಒಂದು ಗಳಿಗೆ ಹಜಾರಕ್ಕೆ ಬಿಡಿ, ಮಗಳಿಗೆ ಎರಡು ಮಾತು ಹೇಳಿ ಹೋಗ್ತೀನಿ. ಮದುವೆಯಾದ ಮನೆಯಲ್ಲಿ ವರ್ಷ ತುಂಬುವ ತನಕ ಅಳಬಾರದು ಎಂದರು. ವರ್ಷ ತುಂಬಿದ ಮೇಲೆ ಹೋದೆ. ಸೆನ್ಯೊರಿತಾ ಬಸುರಿ ಎಂದರು. ಹೆರಿಗೆ ಆದ ಮೇಲೆ ಹೋದೆ. ಮಗುವಿಗೆ ಹಲ್ಲು ಬರಲಿ ಎಂದರು. ಆ ಮನೆಯ ಪ್ರತಿಯೊಂದು ನಂಬಿಕೆಯೂ ನನ್ನ ಮುಖಕ್ಕೆ ಹಾಕಿದ ಬಾಗಿಲಾಗಿತ್ತು. ಆ ನಂಬಿಕೆಗಳು ನನಗೆ ಹೊಸವಲ್ಲ. ನನ್ನ ಅಜ್ಜಿ ನನಗೆ ಹೇಳಿಕೊಟ್ಟವು. ಅವನ್ನೇ ಅವರು ನನಗೆ ಬೀಗ ಮಾಡಿದರು.

ಹೀಗೆ ಮೂರು ವರ್ಷ ನನ್ನ ಮಗಳು ಅಲ್ಲಿ ದುಡಿಯುತ್ತಿದ್ದಳು. ಜ್ವರದಲ್ಲೇ.

ಆ ಸಂಜೆ ಪುರಿಂಗ್ ನನ್ನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅನ್ನಕ್ಕೆ ಒಣಮೀನಿನ ತುಂಡು ಮುರಿದು ಹಾಕಿಕೊಂಡಳು.

"ಬೈದೆ ಅಂತ ಹೋಗದೇ ಇರಬೇಡ ಅತ್ತಿಗೆ. ಹೋಗು. ಅಮ್ಮ ಅಂತ ಎರಡು ಸಲ ಅಂದು ಮೂಗು ಒರೆಸ್ಕೊಂಡು ಬಾ. ಈ ಗುಡಿಸಲು ನಿಂತಿರೋದು ಅವರ ನೆಲದ ಮೇಲೆ."

"ಹೋಗ್ತೀನಿ."

ಅವಳು ತುತ್ತು ಬಾಯಿಗಿಡದೆ ನನ್ನನ್ನು ನೋಡಿದಳು. "ಯಾರಿಗೆ ಅಳೋಕೆ ಹೋಗ್ತೀಯ?"

ನಾನು ಒಲೆಯ ಬೂದಿ ಕೆದಕಿದೆ.

"ಅಯ್ಯೋ ದೇವರೇ," ಎಂದು ಪುರಿಂಗ್ ತಟ್ಟೆ ಕೆಳಗಿಟ್ಟಳು. "ಮನೆ ಬಿಡಿಸ್ತಾರೆ ಕಣೆ. ಬೆಳೆದು ನಿಂತಿರೋ ಬೆಳೆ ಬಿಟ್ಟು ಹೋಗ್ತೀಯಾ?"

"ಮನೆ ನಾನಿರೋಕೆ. ಅವಳು ಎಲ್ಲಿದಾಳೆ ಹೇಳು."

ಅವಳು ತಲೆ ತಗ್ಗಿಸಿ ಮೀನಿನ ಮುಳ್ಳು ತೆಗೆಯುತ್ತಾ ಕೂತಳು. ಆಮೇಲೆ, "ನನ್ನ ಕರಿ ಶಾಲು ತಗೊಂಡು ಹೋಗು, ನಿಂದು ತೂತು," ಎಂದಳು.

ದೊಡ್ಡಮನೆಗೆ ನಾನು ಹಿಂದಿನ ಮೆಟ್ಟಿಲಿನಿಂದಲೇ ಹತ್ತಿದೆ. ಇಷ್ಟು ವರ್ಷದಲ್ಲಿ ಹಜಾರದೊಳಗೆ ಕಾಲಿಟ್ಟದ್ದು ಅದೇ ಮೊದಲು. ಮಧ್ಯದಲ್ಲಿ ಶವಪೆಟ್ಟಿಗೆ. ಗಾಜಿನ ಕೆಳಗೆ ಡೋನ್ಯಾ ಕೆನ್ನೆಗೆ ಬಣ್ಣ ಹಚ್ಚಿಸಿಕೊಂಡು ಮಲಗಿದ್ದರು. ಸುತ್ತ ಕುರ್ಚಿಗಳು. ಕಿಟಕಿಯ ಕೆಳಗೆ ಗಂಡಸರು ಇಸ್ಪೀಟು ಆಡುತ್ತಾ ಕಲ್ಲಂಗಡಿ ಬೀಜ ಕಡಿದು ಸಿಪ್ಪೆ ಉಗುಳುತ್ತಿದ್ದರು. ನೆಲದ ತುಂಬ ಆ ಸಿಪ್ಪೆಗಳು. ಬೂಟಿನ ಮಣ್ಣು, ಬಿಸ್ಕತ್ತಿನ ಪುಡಿ, ಕಾಫಿಯ ಕಲೆ, ಕರಗಿ ಬಿದ್ದ ಮೇಣ. ಸಾವಿನ ಮನೆಯಲ್ಲಿ ಹೆಣ ಇರುವ ತನಕ ಕಸ ಗುಡಿಸಬಾರದು, ನೆಲ ಉಜ್ಜಬಾರದು. ಗುಡಿಸಿದರೆ ಇನ್ನೊಬ್ಬರನ್ನೂ ಗುಡಿಸಿಕೊಂಡು ಹೋಗುತ್ತದೆ.

ನಾನು ಆ ಕಸವನ್ನೇ ನೋಡುತ್ತಾ ನಿಂತೆ. ಆ ನೆಲದಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ.

ಸೆನ್ಯೊರಿತಾ ಕಾರಿದಾದ್ ನನ್ನ ಕೈ ಹಿಡಿದುಕೊಂಡಳು. ಮನೀಲಾದ ಕಾಲೇಜಿನಲ್ಲಿ ಸಾಹಿತ್ಯ ಕಲಿಸುತ್ತಾಳೆ. ನನ್ನ ಬೆರಳಿನ ಅಂಟು ತಾಕಿದಾಗ ಕೈ ಬಿಡಲಿಲ್ಲ. ಅದನ್ನು ಒಪ್ಪಬೇಕು.

"ಮನಂಗ್ ಸಿಸಾಂಗ್, ಬಂದ್ರಲ್ಲ. ನಿಮ್ಮ ಹಾಗೆ ಅಳೋರು ಈ ಸೀಮೇಲೇ ಇಲ್ಲ ಅಂತಾರೆ."

"ನೀವು ಕೇಳಿದೀರಾ ಸೆನ್ಯೊರಿತಾ?"

"ಎಲ್ಲಿ, ಅವಕಾಶವೇ ಆಗ್ಲಿಲ್ಲ. ಆದ್ರೆ ನನ್ನ ಹುಡುಗರಿಗೆ ಪಾಠ ಮಾಡ್ತೀನಿ. ಇದು ನಮ್ಮ ಜನರ ಕಾವ್ಯ ಅಂತ." ಪೆಟ್ಟಿಗೆಯ ಬಳಿ ಒಂದು ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇತ್ತು. ಅದರ ಸುತ್ತ ಮನೀಲಾದಿಂದ ಬಂದವರು ಬಿಳಿ ಬಟ್ಟೆಯಲ್ಲಿ ಕೂತಿದ್ದರು. "ಇವರೆಲ್ಲ ಇದಕ್ಕೋಸ್ಕರವೇ ಬಂದಿದಾರೆ. ನಮ್ಮ ಇಲೊಕಾನೊ ಮಾತು ಬರಲ್ಲ, ಆದ್ರೂ ದನಿ ಕೇಳಬೇಕಂತೆ. ಹಳೇ ಮಾತು ಬರಲಿ, ರೇಡಿಯೋ ಮಾತು ಬೇಡ. ಮೊದಲು ಅಮ್ಮಾ ಅಂತ ಕರೀತೀರಲ್ಲ, ಅದು ಎಳೆದು ಬರಬೇಕು."

"ಸೆಲ್ಮಾ ಬಿದ್ದಿದ್ದು ಎಲ್ಲಿ?"

ಅವಳ ದನಿ ತಗ್ಗಿತು. "ಅದು ಈಗ ಯಾಕೆ ಮನಂಗ್?"

"ಸುಮ್ನೆ ಕೇಳಿದೆ."

"ಪಿಯಾನೋ ಹತ್ರ ಅಂದ್ರು. ನಾನು ಒಳಗಿದ್ದೆ. ನಂಗೆ ಯಾರೂ ಹೇಳ್ಲಿಲ್ಲ, ಮದುವೆ ಮುಗಿಯೋ ತನಕ." ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. "ಇವತ್ತು ಆ ವಿಷಯ ಬೇಡ. ಅಮ್ಮನ ದಿನ ಇವತ್ತು."

ನನ್ನ ಮಗಳಿಗೆ ಯಾವ ದಿನವೂ ಇರಲಿಲ್ಲ. ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅಲ್ಲಿಂದಲೇ ಇಳಿಸುತ್ತಿದ್ದರು.

ಕುರ್ಚಿ ಹಾಕಿದ್ದು ಪೆಟ್ಟಿಗೆಯ ತಲೆಯ ಬಳಿ. ನಾನು ಅದನ್ನು ಎತ್ತಿ ಪಿಯಾನೋ ಪಕ್ಕಕ್ಕೆ ಒಯ್ದೆ. "ಅಲ್ಲಲ್ಲ, ಇಲ್ಲಿ," ಎಂದಳು ಸೆನ್ಯೊರಿತಾ. ಮೇಣದ ಬತ್ತಿಯ ಹೊಗೆ ಕಣ್ಣಿಗೆ ಬರುತ್ತದೆ ಎಂದೆ. ಮನೀಲಾದವರಲ್ಲಿ ಒಬ್ಬ ಹೆಂಗಸು ಎದ್ದು ಟೇಪ್ ರೆಕಾರ್ಡರನ್ನು ನನ್ನ ಹತ್ತಿರ ತಂದಿಟ್ಟು ಗುಂಡಿ ಒತ್ತಿದಳು. ಚಕ್ರ ತಿರುಗಿತು.

ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಕೂತೆ. ಕರಿ ಶಾಲನ್ನು ತಲೆಯ ಮೇಲಿಂದ ಮುಖಕ್ಕೆ ಎಳೆದುಕೊಂಡೆ. ಎರಡೂ ಅಂಗೈಯನ್ನು ಹಲಗೆಯ ಮೇಲೆ ಊರಿದೆ. ಮೂರು ವರ್ಷ ಗಂಟಲಲ್ಲಿ ನಿಂತದ್ದು ಹೇಗೆ ಬರುತ್ತದೋ ಎಂದು ಹೆದರಿದ್ದೆ. ಬಂತು.

"ಮಗಳೇ," ಎಂದೆ.

ಇಸ್ಪೀಟಿನ ಸದ್ದು ನಿಂತಿತು.

"ಮಗಳೇ ಸೆಲ್ಮಾ, ನಿನ್ನ ಅಮ್ಮ ಬಂದಿದೀನಿ. ತಡವಾಯ್ತು. ಬಿಡಲಿಲ್ಲ ನನ್ನ. ನೀನು ಹುಟ್ಟಿದಾಗ ಬ್ಯಾರನ್ನಿನ ಬೆಂಕಿ ಆರಬಾರದು ಅಂತ ನಿನ್ನ ಬುಟ್ಟೀಲಿ ಮಲಗಿಸಿ ಸೌದೆ ಹಾಕಿದೆ. ನನ್ನ ಬೆರಳು ಚೀಪಿ ವಾಂತಿ ಮಾಡ್ಕೊಂಡೆ. ಎಲೆ ಕಹಿ ಕಂದಾ, ನಮ್ಮ ಕೈಯೂ ಕಹಿ. ಸಿಹಿ ತಿನ್ನಲಿ ಅಂತ ಇಲ್ಲಿಗೆ ಕಳಿಸಿದೆ. ನಿನಗೆ ಪುಸ್ತಕ ಕೊಡ್ತೀವಿ ಅಂದ್ರು. ಕಾಲಿಗೆ ಸಿಪ್ಪೆ ಕೊಟ್ರು. ನಿನ್ನ ಕಾಲಲ್ಲಿ ಈ ಮನೆ ಹೊಳೀತು. ನಿನ್ನ ಜ್ವರದಲ್ಲಿ ಈ ಮನೆ ಹೊಳೀತು. ಅವರ ಮದುವೆಯ ಬಿಳಿ ಉಡುಗೆಯ ಅಂಚು ಎಳೆದಾಡಿದ್ದು ನೀನು ಬಿದ್ದ ಜಾಗದ ಮೇಲೆ ಮಗಳೇ, ಬಿದ್ದ ಜಾಗದ ಮೇಲೆ."

ಅಡುಗೆಮನೆಯ ಬಾಗಿಲಲ್ಲಿ ಆಳುಗಳು ಬಂದು ನಿಂತದ್ದು ಶಾಲಿನ ಅಂಚಿನಿಂದ ಕಂಡಿತು. ಮನೀಲಾದ ಹೆಂಗಸು ಕರವಸ್ತ್ರದಿಂದ ಕಣ್ಣೊತ್ತಿಕೊಳ್ಳುತ್ತಾ, ನನಗೂ ಅಷ್ಟಿಷ್ಟು ತಿಳಿಯುವ ತಮ್ಮ ಭಾಷೆಯಲ್ಲಿ, "ಎಂಥ ದುಃಖ ನೋಡಿ. ಯಜಮಾನತಿ ಅಂದ್ರೆ ಎಷ್ಟು ಪ್ರೀತಿ ಇವರಿಗೆ," ಎಂದಳು. ಯಾರೂ ಅವಳಿಗೆ ಅರ್ಥ ಹೇಳಲಿಲ್ಲ.

ಸೆನ್ಯೊರಿತಾ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಣಿಕಟ್ಟು ಹಿಡಿದಳು. "ನಿಲ್ಸಿ," ಎಂದಳು ನನ್ನ ಕಿವಿಯಲ್ಲಿ. "ಮನಂಗ್, ದಯವಿಟ್ಟು. ಈಗಲೇ ನಿಲ್ಸಿ."

ನಾನು ಉಸಿರು ಎಳೆದುಕೊಂಡೆ. ಆಗ ಬಾಗಿಲ ಬಳಿಯಿಂದ ಬಾಲ್ಬಿನೊ ಮಾತಾಡಿದ.

"ಅರ್ಧದಲ್ಲಿ ತಡೀಬಾರದು ಅಪೊ. ತಡೆದ್ರೆ ಮನೇಲಿ ಇನ್ನೊಬ್ರು ಹೋಗ್ತಾರೆ. ಮೇಲೆ ಮಗು ಮಲಗಿದೆ."

ಸೆನ್ಯೊರಿತಾಳ ಬೆರಳು ಸಡಿಲವಾದವು. ಆ ಬೆರಳು ತಣ್ಣಗಿದ್ದವು. ಓದಿದ್ದಳು, ಕಲಿಸುತ್ತಿದ್ದಳು, ಆದರೂ ಒಂದು ಮಗುವಿನ ತಾಯಿ. ನನ್ನೊಳಗೆ ಏನೋ ಒಂದು ಕ್ಷಣ ಅವಳ ಕಡೆಗೆ ವಾಲಿತು. ನಾನು ಹೇಳಿಬಿಡಬಹುದಿತ್ತು, ಹೆದರಬೇಡ, ನಿನ್ನ ಮಗುವಿಗೆ ಏನೂ ಆಗುವುದಿಲ್ಲ ಎಂದು. ಹೇಳಲಿಲ್ಲ. ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಅವಳು ಗೋಡೆಗೆ ಒರಗಿ ನಿಂತಳು. ಅವರ ನಂಬಿಕೆಯೇ ಈಗ ಅವರನ್ನು ಕಟ್ಟಿಹಾಕಿತ್ತು. ಕೇಳಲೇಬೇಕಾಯಿತು.

"ನೀನು ಸತ್ತಾಗ ನನಗೆ ಬಾಯಿ ಇರಲಿಲ್ಲ ಮಗಳೇ. ನೀನು ಗೋಣಿ ಹೊದ್ದು ಹೋದೆ, ಮೇಣದ ಬತ್ತಿ ಇಲ್ಲದೆ ಹೋದೆ. ಬಾವು ಬಂದ ಕಾಲು ತೊಳೆಯೋಕೂ ನನಗೆ ಕೊಡಲಿಲ್ಲ. ನಿನಗೆ ಯಾರೂ ಹೇಳಲಿಲ್ಲ, ಅದಕ್ಕೇ ಇನ್ನೂ ಉಜ್ಜುತಾ ಇದೀಯ. ನಿನ್ನಮ್ಮ ಹೇಳ್ತಿದೀನಿ, ಕೇಳು. ನೀನು ಸತ್ತಿದೀಯ ಕಂದಾ. ನೀನು ಸತ್ತಿದೀಯ. ನಿನ್ನ ಕೆಲಸ ಮುಗಿದು ಬಹಳ ದಿನ ಆಯ್ತು. ನೆಲ ನೋಡು, ಇವತ್ತು ಯಾರೂ ಗುಡಿಸಿಲ್ಲ. ಬೂಟಿನ ಮಣ್ಣು ಬಿದ್ದಿದೆ, ಬೀಜದ ಸಿಪ್ಪೆ ಬಿದ್ದಿದೆ, ಯಾರೂ ನಿನ್ನ ಬೈಯೋರಿಲ್ಲ. ಬೈಯೋ ಬಾಯಿ ಅಲ್ಲಿ ಗಾಜಿನ ಕೆಳಗೆ ಮಲಗಿದೆ. ತೆಂಗಿನ ಸಿಪ್ಪೆ ಬಿಡು ಮಗಳೇ. ಕಾಲು ತೆಗಿ. ಎದ್ದೇಳು. ಮುಂದಿನ ಬಾಗಿಲು ತೆಗೆದಿದೆ, ಅದರಲ್ಲೇ ಹೋಗು."

ಇನ್ನೂ ಬಹಳ ಹೇಳಿದೆ. ಅವಳಿಗೆ ಇಷ್ಟವಾದ ತಿಂಡಿ, ಅವಳು ಸಾಕಿದ ಕುಂಟು ಕೋಳಿ, ಮಳೆಯಲ್ಲಿ ನೆನೆದು ಬಂದು ತಿಂದ ಪೆಟ್ಟು. ಎಲ್ಲವನ್ನೂ ಅವಳಿಗೆ ಒಪ್ಪಿಸಿದೆ. ಮುಗಿಸಿದಾಗ ಟೇಪಿನ ಚಕ್ರ ಇನ್ನೂ ತಿರುಗುತ್ತಿತ್ತು. ಆಳುಗಳಲ್ಲಿ ಹೊಸ ಹುಡುಗಿ, ಈಗ ಆ ನೆಲ ಉಜ್ಜುವವಳು, ಅಂಗಿಯ ತೋಳು ಕಚ್ಚಿಕೊಂಡು ಅಳುತ್ತಿದ್ದಳು. ನಾನು ಶಾಲು ಸರಿಸಿ ಎದ್ದೆ. ಮೊಣಕಾಲು ಹಿಡಿದುಕೊಂಡಿತ್ತು. ಯಾರೂ ಕೈ ಕೊಡಲಿಲ್ಲ, ಅಡುಗೆಯವಳೊಬ್ಬಳು ಬಿಟ್ಟು.

ಸೆನ್ಯೊರಿತಾ ಗೋಡೆ ಬಿಟ್ಟು ಬಂದಳು. ಮುಖ ಬಿಳಿಚಿತ್ತು.

"ಅಮ್ಮನಿಗೆ?" ಎಂದಳು. "ಅಮ್ಮನಿಗೆ ಯಾರು ಹೇಳ್ತಾರೆ?"

"ನಿಮ್ಮಮ್ಮ. ನೀವು ಹೇಳಿ."

"ನಂಗೆ ಹಾಗೆ ಅಳೋಕೆ ಬರಲ್ಲ ಮನಂಗ್."

"ನನಗೆ ಅವರನ್ನ ಅಮ್ಮ ಅನ್ನೋಕೆ ಬರಲ್ಲ ಸೆನ್ಯೊರಿತಾ."

ನಾನು ಮುಂಬಾಗಿಲಿನತ್ತ ನಡೆದೆ. ಬಾಲ್ಬಿನೊ ಹಿಂದೆಯೇ ಬಂದ. "ಏ, ಹಿಂದಿನ ಮೆಟ್ಟಿಲು," ಎಂದ. "ಗೊತ್ತು," ಎಂದು ಮುಂದಿನ ಮೆಟ್ಟಿಲಿನಿಂದ ಇಳಿದೆ. ಕಲ್ಲಿನ ಮೆಟ್ಟಿಲು. ಬಿಸಿಲಿಗೆ ಅಂಗಾಲು ಸುಟ್ಟಿತು.

ಗೇಟಿನ ಹೊರಗೆ ಅವನು ನನ್ನನ್ನು ಹಿಡಿದ. ಮೇಲಿಂದ ಯಾರೋ ಆಗಲೇ ಅಪ್ಪಣೆ ಕೊಟ್ಟಿದ್ದರು. ಈ ಸಲ ಹ್ಯಾಟು ತಲೆಯ ಮೇಲಿತ್ತು.

"ಹೆಣ ಎತ್ತಿದ ಮಾರನೇ ದಿನ ನಿನ್ನ ಮನೆ ಎತ್ತಬೇಕಂತೆ. ಬೆಳೆಗೆ ಕೈ ಹಾಕೋ ಹಾಗಿಲ್ಲ."

"ಸರಿ."

"ಸರಿ ಅಂತೀಯಲ್ಲ. ಎಲ್ಲಿಗೆ ಹೋಗ್ತೀಯ?"

"ನೀನ್ಯಾಕೆ ಕೇಳ್ತೀಯ? ಲಾರಿ ಕಳಿಸ್ತೀಯಾ?"

ಅವನು ಹ್ಯಾಟನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡ. ಆ ಲಾರಿ ಓಡಿಸಿದ್ದು ಅವನೇ.

ನಾನು ಮನೆಗೆ ಹೋಗಲಿಲ್ಲ. ದಾರಿಯ ಮರದ ಕೆಳಗೆ ಬಿಸಿಲು ಇಳಿಯುವ ತನಕ ಕೂತಿದ್ದು ಹೊಳೆಗೆ ಇಳಿದೆ. ನಮ್ಮಲ್ಲಿ ಮಣ್ಣು ಮಾಡಿ ಬಂದ ಮೇಲೆ ಸತ್ತವರ ಕಡೆಯವರನ್ನು ಹೊಳೆಯಲ್ಲಿ ಕೂರಿಸಿ, ಸುಟ್ಟ ಭತ್ತದ ಹುಲ್ಲಿನ ಬೂದಿ ನೀರಿನಲ್ಲಿ ತಲೆ ತೊಳೆಯುತ್ತಾರೆ. ಅಲ್ಲಿಗೆ ಸೂತಕ ಮುಗಿಯುತ್ತದೆ. ನನಗೆ ಯಾರೂ ತೊಳೆದಿರಲಿಲ್ಲ. ತೊಳೆಯಲು ಬಂದವರನ್ನು ನಾನೇ ವಾಪಸು ಕಳಿಸಿದ್ದೆ. ಅಳದೇ ಇದ್ದ ಸಾವಿಗೆ ಸ್ನಾನ ಎಲ್ಲಿಯದು?

ಪುರಿಂಗ್ ಮೊದಲೇ ಬಂದಿದ್ದಳು. ಕಲ್ಲಿನ ಮೇಲೆ ಹುಲ್ಲು ಸುಟ್ಟು ಬೂದಿಯನ್ನು ಮಡಕೆಯಲ್ಲಿ ಕಲಸಿಟ್ಟಿದ್ದಳು. ಕೇರಿಯ ಇನ್ನೂ ಮೂರು ನಾಲ್ಕು ಹೆಂಗಸರು ಲಂಗ ಎತ್ತಿಕಟ್ಟಿ ನೀರಿನಲ್ಲಿ ನಿಂತಿದ್ದರು. ದೊಡ್ಡಮನೆಯ ಕಿಟಕಿ ತೆರೆದೇ ಇತ್ತು. ದನಿ ಕೇರಿಗೂ ಕೇಳಿಸಿತ್ತು. ನಾನು ಸೊಂಟದ ತನಕ ನೀರಿಗಿಳಿದು ಕೂತೆ. ಪುರಿಂಗ್ ನನ್ನ ಜಡೆ ಬಿಚ್ಚಿದಳು. ಬೂದಿ ನೀರು ನೆತ್ತಿಯಿಂದ ಕಣ್ಣಿಗೆ ಇಳಿದು ಉರಿಯಿತು.

"ಹೋದಳಾ?" ಎಂದಳು.

"ಗೊತ್ತಿಲ್ಲ. ಹೇಳೋದು ಹೇಳಿದೆ."

"ಕೇಳಿಸ್ಕೊಂಡಿರ್ತಾಳೆ. ನಿನ್ನ ದನಿಗೆ ಸತ್ತೋರೇನು, ದನ ಕರುನೂ ಏಳುತ್ವೆ." ಹೆಂಗಸರು ನಕ್ಕರು. ನನಗೂ ನಗು ಬಂತು. ಅವಳು ನನ್ನ ಕತ್ತಿನ ಹಿಂದೆ ಜೋರಾಗಿ ತಿಕ್ಕಿದಳು, ಮಗುವಿಗೆ ತಿಕ್ಕುವ ಹಾಗೆ.

"ಬಾಲ್ಬಿನೊ ಸಿಕ್ಕಿದ್ದ, ನಾನಿಲ್ಲಿಗೆ ಬರೋ ದಾರೀಲಿ," ಎಂದಳು. "ಹೊಸ ಹುಡುಗಿ ಆ ಮನೇಲಿ ಇನ್ನು ಇರಲ್ಲ ಅಂತ ಗಂಟು ಕಟ್ಟಿದಾಳಂತೆ. ಹೆಣ ಎತ್ತಿದ ಮೇಲೆ ಹಜಾರ ಉಜ್ಜೋಕೆ ಜನ ಇಲ್ಲ, ನಿನ್ನ ಎರಡನೇ ಮಗಳನ್ನ ಕಳಿಸು ಅಂತ ನನಗೆ ಅಂದ. ನಿನ್ನ ಮನೇನೂ ಅವರ ನೆಲದ ಮೇಲೇ ಇರೋದು, ಯೋಚನೆ ಮಾಡು ಅಂದ."

ನಾನು ತಲೆ ಎತ್ತಿದೆ. ಬೂದಿ ನೀರಿನಲ್ಲಿ ಅವಳ ಮುಖ ಸರಿಯಾಗಿ ಕಾಣಲಿಲ್ಲ.

"ಏನಂದೆ?"

"ಅವರಿಗೂ ಕಾಲಿವೆಯಲ್ಲ ಅಂದೆ," ಎಂದು ಪುರಿಂಗ್ ಇನ್ನೊಂದು ಚೊಂಬು ನೀರು ಸುರಿದಳು.